ಅಜ್ಜಿ ಸೂಲಗಿತ್ತಿ, ನನಗೂ ಅದೇ ಕೆಲಸ ಬೇಕು ಅನ್ನಿಸುತ್ತಿದೆ. 32ರಲ್ಲಿ ಶುರು ಮಾಡಬಹುದಾ?

ಪ್ರಶ್ನೆ: ಮೇಡಂ, ನನಗೆ 32 ವರ್ಷ. ಊರು ಹಾವೇರಿ ಕಡೆ, ಈಗ ಇರುವುದು ಬೆಂಗಳೂರು. ಪಿಯುಸಿಯಲ್ಲಿ ಕಾಮರ್ಸ್, ಆಮೇಲೆ ಬಿಕಾಂ. ಆಡಿಟರ್ ಒಬ್ಬರ ಆಫೀಸಿನಲ್ಲಿ ಎಂಟು ವರ್ಷದಿಂದ ಕೆಲಸ. ಆರು ವರ್ಷದ ಮಗಳಿದ್ದಾಳೆ. ನನ್ನ ತಾಯಿಯ ತಾಯಿ ಸೂಲಗಿತ್ತಿ. ಸುತ್ತಲಿನ ಊರುಗಳಲ್ಲಿ ಅವರ ಕೈಯಲ್ಲಿ ಹುಟ್ಟಿದವರು ಈಗಲೂ ಸಿಗುತ್ತಾರೆ. ನನ್ನ ಹೆರಿಗೆ ಆಸ್ಪತ್ರೆಯಲ್ಲಾಯಿತು. ಮಗು ಚೆನ್ನಾಗಿ ಬಂತು, ಆದರೆ ಅಲ್ಲಿ ಬೈಸಿಕೊಂಡ ಮಾತು ಇನ್ನೂ ಕಿವಿಯಲ್ಲಿದೆ. ಹೋದ ವರ್ಷ ತಂಗಿಗೆ ನೋವು ಬಂದಾಗ ನನ್ನನ್ನು ಒಳಗೆ ಬಿಟ್ಟರು. ಹದಿನಾಲ್ಕು ಗಂಟೆ ಅವಳ ಸೊಂಟ ಒತ್ತುತ್ತಾ, ಬೆನ್ನು ಉಜ್ಜುತ್ತಾ, ನಡೆಸುತ್ತಾ ಇದ್ದೆ. ಆವತ್ತಿನಿಂದ ಆಫೀಸಿನಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಆನ್‌ಲೈನಿನಲ್ಲಿ ಕೆಲವು ವಾರಗಳ ಡೌಲಾ ಕೋರ್ಸ್ (ಹೆರಿಗೆ ಹೊತ್ತಿನಲ್ಲಿ ಜೊತೆಗಿರುವುದನ್ನು ಕಲಿಸುವುದು) ಇದೆ. ಅದು ಮಾಡಿದರೆ ಹೆರಿಗೆ ಮಾಡಿಸಬಹುದಾ? ಅಜ್ಜಿ ಯಾವ ಕೋರ್ಸೂ ಮಾಡಿರಲಿಲ್ಲ. ಸೈನ್ಸ್ ಓದಿಲ್ಲದ ನನಗೆ ಬೇರೆ ದಾರಿ ಇದೆಯಾ, ವಯಸ್ಸು ಮೀರಿತಾ? ಅತ್ತೆ 'ಆ ಮೈಲಿಗೆ ಕೆಲಸ ನಮ್ಮ ಮನೆಗೆ ಬೇಡ' ಅನ್ನುತ್ತಾರೆ. ನಮ್ಮ ಯಜಮಾನರು 'ಮೂರು ತಿಂಗಳಲ್ಲಿ ಇಳಿಯುವ ಹುಚ್ಚು' ಅಂತ ನಗುತ್ತಾರೆ. ನಿಜವಾಗಿ ಇದು ನನ್ನ ಕೆಲಸವಾ, ಹುಚ್ಚಾ? ಹೇಗೆ ತಿಳಿಯುವುದು?

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ವಯಸ್ಸು, ಓದು, ಕೋರ್ಸು, ಅತ್ತೆಯ ಮಾತು, ಇವಕ್ಕೆಲ್ಲ ಹೆಚ್ಚುಕಡಿಮೆ ನೇರ ಉತ್ತರ ಇದೆ. ಕೊನೆಯದಕ್ಕೆ ಮಾತ್ರ ಯಾವ ನಿಯಮದ ಪುಸ್ತಕದಲ್ಲೂ ಉತ್ತರ ಸಿಗಲ್ಲ. ನಾನು ತಾಲ್ಲೂಕು ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ 19 ವರ್ಷ ಸ್ಟಾಫ್ ನರ್ಸ್ ಆಗಿದ್ದವಳು, ಆಮೇಲೆ ನರ್ಸಿಂಗ್ ಓದುವವರಿಗೆ ಹೆರಿಗೆ ಪಾಠ ಹೇಳಿಕೊಡುತ್ತಿರುವವಳು. ಆ ಅನುಭವದಿಂದ ಏನು ತೋಚುತ್ತದೋ ಅದನ್ನು ಹೇಳುತ್ತೇನೆ.

ಪ್ರತಿ ವರ್ಷ ಹೊಸದಾಗಿ ಸೇರುವ ಹುಡುಗಿಯರನ್ನು 'ಯಾಕೆ ಬಂದಿರಿ' ಅಂತ ಕೇಳುತ್ತೇನೆ. ಹೆರಿಗೆ ಕೆಲಸವೇ ಬೇಕು ಅನ್ನುವವರ ಉತ್ತರ ಬಹುಪಾಲು ಒಂದೇ: 'ಮಗು ಹುಟ್ಟುವ ಕ್ಷಣ ಮೇಡಂ, ಆ ಮೊದಲ ಅಳು.' ತಪ್ಪೇನಿಲ್ಲ, ನನಗೂ ಅದು ಇವತ್ತಿಗೂ ಹಳತಾಗಿಲ್ಲ. ಆದರೆ ನಿಮ್ಮ ಪತ್ರದಲ್ಲಿ ತಂಗಿಯ ಮಗು ಗಂಡೋ ಹೆಣ್ಣೋ ಅನ್ನುವುದೂ ಇಲ್ಲ. ಹದಿನಾಲ್ಕು ಗಂಟೆ ಸೊಂಟ ಒತ್ತಿದ್ದು ಇದೆ. ಅದನ್ನು ಓದಿದ ಮೇಲೇ ನಿಮಗೆ ಉದ್ದದ ಉತ್ತರ ಬರೆಯಬೇಕು ಅನ್ನಿಸಿದ್ದು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅಜ್ಜಿಯಿಂದ ಶುರು ಮಾಡೋಣ. 'ಅಜ್ಜಿ ಯಾವ ಕೋರ್ಸೂ ಮಾಡಿರಲಿಲ್ಲ' ಅಂತ ಬರೆದಿದ್ದೀರಿ. ಮಾಡಿದ್ದರು, ಸರ್ಟಿಫಿಕೇಟ್ ಇರಲಿಲ್ಲ ಅಷ್ಟೇ. ಹಳೆಯ ಸೂಲಗಿತ್ತಿಯರು ಅಮ್ಮನ ಹಿಂದೆಯೋ ಅತ್ತೆಯ ಹಿಂದೆಯೋ ವರ್ಷಗಟ್ಟಲೆ ಓಡಾಡಿ, ಬಿಸಿನೀರು ಕಾಯಿಸಿ, ಬಟ್ಟೆ ಒಗೆದು, ಆಮೇಲೆ ಯಾವತ್ತೋ ಒಂದು ದಿನ ಕೈ ಹಚ್ಚಿದವರು. ಪಾವಗಡ ತಾಲ್ಲೂಕು ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಜಾಸ್ತಿ ಹೆರಿಗೆ ಮಾಡಿಸಿದರು ಅನ್ನುತ್ತಾರೆ. ಅವರಿಗೂ ಗುರು ಅಂದರೆ ಅಜ್ಜಿಯೇ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಅಷ್ಟು ಹೆರಿಗೆ ಕಂಡ ಕೈಗೆ ಓದು ಇಲ್ಲ ಅನ್ನುವುದು ನಮ್ಮ ದಡ್ಡತನ.

ಆ ಕೈ ಹೇಗಿರುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದು. ರಾತ್ರಿ ಒಂಬತ್ತರ ಹೊತ್ತಿಗೆ ಟೆಂಪೋ ಒಂದು ಬಂದು ನಿಂತಿತು. ಒಳಗೆ ಚಾಪೆಯ ಮೇಲೆ ಬಾಣಂತಿ, ಅವಳ ಪಕ್ಕ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಮಗು ಹುಟ್ಟಿಯಾಗಿದೆ, ಸೀರೆಯಲ್ಲಿ ಸುತ್ತಿ ಇನ್ಯಾರದೋ ಮಡಿಲಲ್ಲಿ ಇಟ್ಟಿದ್ದಾರೆ. 'ಮಾಸು ಬಿದ್ದಿಲ್ಲ ಕಣವ್ವ' ಅಂದರು ಆ ಅಜ್ಜಿ. ಮಾಸು ಅಂದರೆ ಪ್ಲಾಸೆಂಟಾ, ಮಗುವಿನ ಹಿಂದೆಯೇ ಹೊರಗೆ ಬರಬೇಕಾದದ್ದು. ಎಷ್ಟು ಹೊತ್ತಾಯಿತು ಅಂದೆ. 'ಏಳೂವರೆ ಬಸ್ಸು ಹೋಗುವಾಗ ಕೂಸಾಯ್ತು. ಎಂಟು ಗಂಟೆ ಬಸ್ಸಿನ ಹಾರನ್ ಕೇಳ್ತು, ಇನ್ನು ನನ್ನ ಕೈಲಾಗಲ್ಲ ಅಂತ ಗಾಡಿ ಹತ್ತಿಸಿದೆ.' ಮಾಸು ಬೀಳಲು ಅರ್ಧ ಗಂಟೆ ಕಾಯಬಹುದು, ಅದು ಮೀರಿದರೆ ಅಪಾಯ ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಆಕೆ ಅದನ್ನು ಬಸ್ಸಿನ ಲೆಕ್ಕದಲ್ಲಿ ಇಟ್ಟುಕೊಂಡಿದ್ದರು. ಸ್ಟ್ರೆಚರಿಗೆ ಹಾಕುವಾಗಲೂ ಅವರ ಎಡಗೈ ಬಾಣಂತಿಯ ಹೊಕ್ಕುಳ ಕೆಳಗೇ ಇತ್ತು. ದಾರಿಯುದ್ದಕ್ಕೂ ಗರ್ಭಕೋಶ ಗಟ್ಟಿ ಇದೆಯಾ, ಮೆತ್ತಗಾಯಿತಾ ಅಂತ ನೋಡುತ್ತಲೇ ಬಂದಿದ್ದರು. ಆ ಬಾಣಂತಿ ಉಳಿದಳು. ಡಾಕ್ಟರು ಮಾಸು ತೆಗೆದರು, ನಾನು ಡ್ರಿಪ್ ಹಾಕಿದೆ. ಉಳಿಸಿದ್ದು ಮಾತ್ರ 'ನನ್ನ ಕೈಲಾಗಲ್ಲ' ಅಂದ ಆ ಮಾತು.

ಈಗ ಇದರ ಇನ್ನೊಂದು ಮಗ್ಗುಲು. ಎಲ್ಲರೂ ಆ ಮಾತು ಹೇಳುತ್ತಿರಲಿಲ್ಲ. ಹೇಳಿದರೂ ಎಲ್ಲ ಊರಿಗೂ ಟೆಂಪೋ ಇರುತ್ತಿರಲಿಲ್ಲ. ಅಜ್ಜಿಯ ಕೈಯಲ್ಲಿ ಹುಟ್ಟಿದವರು ಊರಿನಲ್ಲಿ ಸಿಗುತ್ತಾರೆ, ನಿಜ. ಉಳಿಯದವರು ಸಿಗಲ್ಲ ಅಲ್ವಾ? 'ಹಿಂದೆ ಎಲ್ಲಾ ಮನೆಯಲ್ಲೇ ಸುಖವಾಗಿ ಆಗುತ್ತಿತ್ತು' ಅನ್ನುವ ಮಾತು ಹುಟ್ಟುವುದು ಇಲ್ಲಿಂದಲೇ. 1990ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಒಂದು ಲಕ್ಷ ಹೆರಿಗೆಗೆ ಸುಮಾರು 400 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 97ಕ್ಕೆ ಇಳಿಯಿತು, ಕರ್ನಾಟಕದಲ್ಲಿ 69. ಹೊಕ್ಕುಳ ಬಳ್ಳಿಗೆ ಸಗಣಿ, ಬೂದಿ ಹಚ್ಚಿ ಎಷ್ಟೋ ಕೂಸುಗಳು ಧನುರ್ವಾಯುವಿಗೆ ಹೋದವು. ಹೊಸ ಬ್ಲೇಡು, ಒಣಗಲು ಬಿಟ್ಟ ಬಳ್ಳಿ, ಬಸುರಿಗೆ ಟಿಟಿ ಇಂಜೆಕ್ಷನ್, ಇವು ಸೇರಿ 2015ರಲ್ಲಿ ದೇಶ ಆ ಪಿಡುಗಿನಿಂದ ಪಾರಾಯಿತು.

ಹಾಗಂತ ಹಳೆಯದೆಲ್ಲ ತಪ್ಪು ಅಂತಲೂ ಅಲ್ಲ. ನೋವಿನಲ್ಲಿರುವವಳನ್ನು ಒಬ್ಬಳೇ ಬಿಡಬಾರದು, ನಡೆಯಲಿ, ಕುಕ್ಕರಗಾಲಲ್ಲಿ ಕೂರಲಿ, ಬಾಯಾರಿದರೆ ಗಂಜಿ ನೀರು ಕುಡಿಯಲಿ. ಅಜ್ಜಿಯರು ಹೀಗೇ ಮಾಡುತ್ತಿದ್ದರು. ನಾವು ಆಸ್ಪತ್ರೆಯವರು ಅದನ್ನೆಲ್ಲ ಬಿಡಿಸಿ, ಮಂಚಕ್ಕೆ ಹತ್ತಿಸಿ, ಮಲಗಿಸಿದೆವು. ಈಗ ಮತ್ತೆ ಅದೇ ಸರಿ ಅಂತ ಪುಸ್ತಕಗಳು ಹೇಳುತ್ತಿವೆ. ಮೊದಲಿನಿಂದ ಕೊನೆಯವರೆಗೆ ಒಬ್ಬರು ಪಕ್ಕದಲ್ಲಿದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ, ನೋವಿನ ಹೊತ್ತೂ ಸ್ವಲ್ಪ ಕಡಿಮೆಯಾಗುತ್ತದೆ ಅಂತ ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ನಿಮ್ಮ ಹದಿನಾಲ್ಕು ಗಂಟೆ ಸುಮ್ನೆ ಹೋಗಿಲ್ಲ.

ಡೌಲಾ ಅಂದರೆ ಕೆಲಸ ಇಷ್ಟೇ: ಜೊತೆಗಿರುವುದು. ಉಸಿರಾಟ ಹೇಳಿಕೊಡುವುದು, ಮಸಾಜ್ ಮಾಡುವುದು, ಧೈರ್ಯ ಹೇಳುವುದು, ಡಾಕ್ಟರು ಹೇಳಿದ್ದನ್ನು ತಿಳಿಯುವ ಮಾತಿನಲ್ಲಿ ಹೇಳುವುದು. ಒಳಪರೀಕ್ಷೆ ಮಾಡುವಂತಿಲ್ಲ, ಮಗುವಿನ ಎದೆಬಡಿತ ಕೇಳಿ ತೀರ್ಮಾನ ಹೇಳುವಂತಿಲ್ಲ, ಇಂಜೆಕ್ಷನ್ ಅಂತೂ ಇಲ್ಲವೇ ಇಲ್ಲ. ಹೆರಿಗೆ ಮಾಡಿಸುವ ಮಾತೇ ಬರುವುದಿಲ್ಲ. ನಮ್ಮ ದೇಶದಲ್ಲಿ ಡೌಲಾಗಳಿಗೆ ಸರ್ಕಾರದ ನೋಂದಣಿಯೂ ಇಲ್ಲ. ಕೋರ್ಸ್ ನಡೆಸುವವರು ಕೊಡುವ ಸರ್ಟಿಫಿಕೇಟ್ ಅವರದೇ. ಅದು ಮೋಸ ಅನ್ನುತ್ತಿಲ್ಲ. ಒಳ್ಳೆಯ ಕೋರ್ಸ್‌ಗಳಿವೆ, ಬೆಂಗಳೂರಿನಲ್ಲಿ ಮನಸ್ಸಿಟ್ಟು ಕೆಲಸ ಮಾಡುವ ಡೌಲಾಗಳೂ ಇದ್ದಾರೆ. ಆದರೆ ಕೆಲವು ಆಸ್ಪತ್ರೆಗಳು ಒಳಗೆ ಬಿಡುತ್ತವೆ, ಕೆಲವು ಬಾಗಿಲಲ್ಲೇ ನಿಲ್ಲಿಸುತ್ತವೆ. ಕೈಯಿಂದ ದುಡ್ಡು ಕೊಟ್ಟು ಡೌಲಾ ಇಟ್ಟುಕೊಳ್ಳುವವರು ಅನುಕೂಲಸ್ಥರು. ನಿಮ್ಮ ಅಜ್ಜಿ ಹೋಗುತ್ತಿದ್ದಂಥ ಮನೆಗಳಿಗೆ ಈ ದಾರಿಯಲ್ಲಿ ನೀವು ತಲುಪುವುದು ಕಷ್ಟ.

ಒಂದು ಮಾತು ಖಡಾಖಂಡಿತ: ಡೌಲಾ ಸರ್ಟಿಫಿಕೇಟ್ ಹಿಡಿದು ಮನೆಯಲ್ಲಿ ಹೆರಿಗೆ ಮಾಡಿಸಲು ಹೋಗಬೇಡಿ. ಯಾರೋ ನಂಬಿ ಕರೆಯುತ್ತಾರೆ, ಹತ್ತು ಹೆರಿಗೆ ಚೆನ್ನಾಗಿ ಆಗುತ್ತದೆ, ನಮಗೆ ಬರುತ್ತದೆ ಅನ್ನಿಸುತ್ತದೆ. ತುಂಬಿದ ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ರಕ್ತ ಹರಿಯುತ್ತಿರುತ್ತದೆ. ಮಾಸು ಬಿಟ್ಟುಕೊಂಡ ಜಾಗದ ರಕ್ತನಾಳಗಳನ್ನು ಮುಖ್ಯವಾಗಿ ಮುಚ್ಚುವುದು ಗರ್ಭಕೋಶ ಮುದುಡುವ ಬಲವೇ. ಅದು ಸರಿಯಾಗಿ ಮುದುಡಿದರೆ ಹೊಟ್ಟೆಯ ಮೇಲೆ ಕೈಯಿಟ್ಟಾಗ ಕ್ರಿಕೆಟ್ ಚೆಂಡಿನ ಹಾಗೆ ಸಿಗುತ್ತದೆ. ಮುದುಡದಿದ್ದರೆ ನಾದಿದ ಹಿಟ್ಟಿನ ಹಾಗೆ. ಆ ಹಿಟ್ಟು ಕೈಗೆ ಸಿಕ್ಕ ಮೇಲೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಮಗು ಹುಟ್ಟಿದ ಕೂಡಲೇ ಗರ್ಭಕೋಶ ಮುದುಡಿಸುವ ಔಷಧಿ ಆಕ್ಸಿಟೋಸಿನ್ 10 ಯೂನಿಟ್ ಕೊಡುವುದು ಇದಕ್ಕೇ. ಆ ಔಷಧಿ ಫ್ರಿಜ್ಜಿನಲ್ಲಿರಬೇಕು, ಕೊಡುವ ಹಕ್ಕು ಇರುವವರು ಬೇಕು, ಸಾಲದಿದ್ದರೆ ಮುಂದೇನು ಅಂತ ಗೊತ್ತಿರಬೇಕು. ಅದೇ ಔಷಧಿಯನ್ನು 'ನೋವು ಜಾಸ್ತಿ ಮಾಡೋಣ' ಅಂತ ಮಗು ಹುಟ್ಟುವ ಮುಂಚೆ ಹಳ್ಳಿಗಳಲ್ಲಿ ಚುಚ್ಚುವವರನ್ನು ಕಂಡಿದ್ದೇನೆ. ಗರ್ಭಕೋಶ ಹರಿದು ಬಂದ ಹೆಂಗಸರನ್ನೂ ಕಂಡಿದ್ದೇನೆ. ಹಾಗೇನಾದರೂ ಆದರೆ ನೋಂದಣಿ ಇಲ್ಲದವರ ಮೇಲೆ ಬರುವುದು ಪೊಲೀಸ್ ಕೇಸು. ಅದಕ್ಕಿಂತ ಜಾಸ್ತಿ, ಆ ಮುಖ ಜೀವನಪೂರ್ತಿ ಕಣ್ಣಮುಂದೆ ಇರುತ್ತದೆ.

ಹೆರಿಗೆ ಮಾಡಿಸುವ ಹಕ್ಕು ಬೇಕು ಅಂದರೆ ನರ್ಸಿಂಗ್ ಓದಲೇಬೇಕು. ಇಲ್ಲಿ ನಿಮಗೆ ಸಿಹಿ ಸುದ್ದಿ ಇದೆ, ಜೊತೆಗೆ ಗಡಿಯಾರವೂ ಇದೆ.

ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಬೇಕು. ಅದು ನಿಮಗೆ ಮುಚ್ಚಿದ ಬಾಗಿಲು. ಆದರೆ ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, ಅಂದರೆ ನರ್ಸಿಂಗ್ ಜೊತೆ ಹೆರಿಗೆ ಮಾಡಿಸುವ ವಿದ್ಯೆ) ಡಿಪ್ಲೊಮಾಗೆ ಯಾವ ವಿಭಾಗದ ಪಿಯುಸಿ ಆದರೂ ನಡೆಯುತ್ತದೆ. ಒಟ್ಟಾರೆ ಶೇ. 40 ಇರಬೇಕು, ಇಂಗ್ಲಿಷ್ ವಿಷಯದಲ್ಲೂ ಅಷ್ಟು ಬಂದಿರಬೇಕು. ಎರಡು ವರ್ಷದ ಎಎನ್‌ಎಂಗೂ (ಸಹಾಯಕ ನರ್ಸ್-ಮಿಡ್‌ವೈಫ್ ಕೋರ್ಸ್) ಕಾಮರ್ಸ್ ಓದಿದವರು ಸೇರಬಹುದು. ಎರಡಕ್ಕೂ ವಯಸ್ಸಿನ ಮಿತಿ 35. ಅಂದರೆ ನಿಮಗಿರುವುದು ಹೆಚ್ಚೆಂದರೆ ಎರಡು ಮೂರು ಪ್ರವೇಶದ ಸುತ್ತು. ಸೇರುವ ವರ್ಷದ ಅಧಿಸೂಚನೆಯನ್ನು ಒಂದು ಸಲ ಕಣ್ಣಾರೆ ಓದಿಕೊಳ್ಳಿ, ನಿಯಮಗಳು ಅತ್ತಿತ್ತ ಆಗುತ್ತಿರುತ್ತವೆ.

ಎರಡರಲ್ಲಿ ಯಾವುದು? ಎಎನ್‌ಎಂ ಆದವರ ಕೆಲಸ ಹಳ್ಳಿಯ ಉಪಕೇಂದ್ರದ ಸುತ್ತ. ಬಸುರಿಯರ ತಪಾಸಣೆ, ತಾಯಿ ಕಾರ್ಡ್, ಲಸಿಕೆ, ಮನೆ ಭೇಟಿ, ಇದರ ಮೇಲೆ ರಿಜಿಸ್ಟರ್, ಆ್ಯಪ್, ವರದಿ. ಹೆರಿಗೆಗಳೀಗ ಆಸ್ಪತ್ರೆಗೆ ಹೋಗಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 97 ಹೆರಿಗೆ ಆಸ್ಪತ್ರೆಯಲ್ಲೇ. ಹಾಗಾಗಿ ಎಎನ್‌ಎಂಗೆ ಹೆರಿಗೆ ಕೈಗೆ ಸಿಗುವುದು ಅಪರೂಪ. ಒಳ್ಳೆಯ ಕೆಲಸವೇ, ಆದರೆ ನಿಮ್ಮ ಪತ್ರ ಓದಿದರೆ ಅದು ನಿಮಗೆ ಸಾಲದು ಅನ್ನಿಸುತ್ತದೆ. ನನ್ನನ್ನು ಕೇಳಿದರೆ ಜಿಎನ್‌ಎಂ.

ಜಿಎನ್‌ಎಂ ಮುಗಿಸಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿದರೆ ನೀವು ನರ್ಸ್ ಮತ್ತು ಮಿಡ್‌ವೈಫ್ ಎರಡೂ. ಇದರ ತೊಡಕೂ ಇಲ್ಲೇ ಇದೆ. ನಮ್ಮಲ್ಲಿ ಮಿಡ್‌ವೈಫ್ ಅನ್ನುವ ಬೇರೆ ವೃತ್ತಿಯೇ ಬಹುಕಾಲ ಇರಲಿಲ್ಲ. ನೀವು ಹೆರಿಗೆ ಕೋಣೆ ಬೇಕು ಅಂದರೂ ಆಸ್ಪತ್ರೆಯವರು ಐಸಿಯುಗೆ ಹಾಕಬಹುದು, ಡಯಾಲಿಸಿಸ್‌ಗೆ ಹಾಕಬಹುದು. ನನ್ನ ಒಬ್ಬ ಶಿಷ್ಯೆ ಹೆರಿಗೆ ಕೆಲಸಕ್ಕೆ ಅಂತಲೇ ಓದಿ, ನಾಲ್ಕು ವರ್ಷ ಮೂಳೆ ವಾರ್ಡಿನಲ್ಲಿ ಕಳೆದಳು. ಮೂರು ವರ್ಷದ ಓದಿನಲ್ಲಿ ಹೆರಿಗೆ ಒಂದು ಭಾಗ ಅಷ್ಟೇ. ಮಾನಸಿಕ ಆರೋಗ್ಯ, ಶಸ್ತ್ರಚಿಕಿತ್ಸೆ, ಮಕ್ಕಳ ವಿಭಾಗ, ಎಲ್ಲ ಕಡೆ ಹೋಗಿ ಬರಬೇಕು. ಬೆಡ್‌ಪ್ಯಾನ್ ಎತ್ತಬೇಕು. ಹದಿನೆಂಟರ ಹುಡುಗಿಯರ ಜೊತೆ ಬೆಂಚಿನಲ್ಲಿ ಕೂರಬೇಕು, ಅವರ ವಯಸ್ಸಿನ ಟ್ಯೂಟರ್ ಹತ್ತಿರ ಮಾತು ಕೇಳಬೇಕು.

ಕಾಲೇಜು ಆರಿಸುವಾಗ ಎಚ್ಚರ. 'ಹಾಜರಿ ನಾವು ನೋಡಿಕೊಳ್ತೀವಿ, ನೀವು ಪರೀಕ್ಷೆಗೆ ಬಂದರೆ ಸಾಕು' ಅನ್ನುವವರು ಸಿಗುತ್ತಾರೆ. ಕೆಲಸ ಬಿಡದೆ ಓದಬಹುದಲ್ಲ ಅಂತ ನಿಮಗೆ ಆಸೆಯೂ ಆಗಬಹುದು. ಹತ್ತಿರ ಸುಳಿಯಬೇಡಿ. ಇಷ್ಟು ಹೆರಿಗೆ ನೋಡಬೇಕು, ಇಷ್ಟು ಸ್ವಂತ ಕೈಯಿಂದ ಮಾಡಿಸಬೇಕು, ಒಂದೊಂದಕ್ಕೂ ದಾಖಲೆ ಪುಸ್ತಕದಲ್ಲಿ ಸಹಿ ಬೀಳಬೇಕು ಅಂತ ನಿಯಮ ಇದೆ. ಸಹಿ ಸುಳ್ಳಾದರೆ ಕೈ ಕಲಿಯುವುದಿಲ್ಲ. ಕಾಲೇಜಿಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: 'ನಿಮ್ಮ ವಿದ್ಯಾರ್ಥಿಗಳು ಹೆರಿಗೆ ಕಲಿಯಲು ಯಾವ ಆಸ್ಪತ್ರೆಗೆ ಹೋಗುತ್ತಾರೆ, ಅಲ್ಲಿ ತಿಂಗಳಿಗೆ ಎಷ್ಟು ಹೆರಿಗೆ?' ತಡವರಿಸಿದರೆ ಎದ್ದು ಬನ್ನಿ.

ಅದರ ಮುಂದಿನ ಮೆಟ್ಟಿಲು ಒಂದಿದೆ, ನನ್ನ ಕಾಲದಲ್ಲಿ ಇರಲಿಲ್ಲ. ನರಸಮ್ಮನವರು ತೀರಿಕೊಂಡ 2018ರ ಡಿಸೆಂಬರ್‌ನಲ್ಲೇ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಯ ಮಾರ್ಗಸೂಚಿ ಹೊರಡಿಸಿತು. ಜಿಎನ್‌ಎಂ ಅಥವಾ ಬಿಎಸ್ಸಿ ಆಗಿ, ಎರಡು ವರ್ಷ ಹೆರಿಗೆ ಮಾಡಿಸಿದ ಅನುಭವ ಇರುವವರಿಗೆ 18 ತಿಂಗಳ ತರಬೇತಿ. ಮುಗಿಸಿದವರಿಗೆ ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ ಅಂತ ಹೆಸರು. ತೊಂದರೆ ಇಲ್ಲದ ಹೆರಿಗೆಯನ್ನು ಮೊದಲಿಂದ ಕೊನೆಯವರೆಗೆ ಅವರೇ ನೋಡಿಕೊಳ್ಳಬೇಕು, ತೊಂದರೆ ಕಂಡರೆ ಡಾಕ್ಟರಿಗೆ ಒಪ್ಪಿಸಬೇಕು ಅನ್ನುವುದು ಯೋಚನೆ. ಇದರಲ್ಲಿ ತೆಲಂಗಾಣ ಮುಂದಿದೆ. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ 2011ರಿಂದಲೇ ಮಿಡ್‌ವೈಫ್‌ಗಳನ್ನು ತಯಾರು ಮಾಡುತ್ತಿತ್ತು. 2017ರಲ್ಲಿ ಆ ರಾಜ್ಯ ಅದರ ಜೊತೆ ಸೇರಿ ಸರ್ಕಾರಿ ನರ್ಸ್‌ಗಳಿಗೂ ತರಬೇತಿ ಶುರು ಮಾಡಿತು. 2023ರಲ್ಲಿ ಬಂದ ಹೊಸ ರಾಷ್ಟ್ರೀಯ ಕಾಯ್ದೆಯ ಹೆಸರಿನಲ್ಲೂ ನರ್ಸಿಂಗ್ ಪಕ್ಕದಲ್ಲಿ ಮಿಡ್‌ವೈಫರಿ ಅನ್ನುವ ಪದ ಬಂದಿದೆ.

ಯಾಕೆ ಈಗ ಇದೆಲ್ಲ? ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ಉತ್ತರ ಇದೆ. ಕರ್ನಾಟಕದಲ್ಲಿ ಸಿಸೇರಿಯನ್ ಶೇ. 31.5. ದೇಶದ ಲೆಕ್ಕ ನೋಡಿದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಶೇ. 14.3, ಖಾಸಗಿಯಲ್ಲಿ 47.4. ಒಟ್ಟು ಜನಸಂಖ್ಯೆಯಲ್ಲಿ ಈ ಪ್ರಮಾಣ ಶೇ. 10 ದಾಟಿದ ಮೇಲೆ ಹೆಚ್ಚುವರಿ ಜೀವಗಳು ಉಳಿಯುವುದು ಕಾಣುವುದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಡಾಕ್ಟರುಗಳನ್ನು ಬೈದು ಪ್ರಯೋಜನವಿಲ್ಲ. ಹೊರರೋಗಿ ವಿಭಾಗ ನೋಡಿಕೊಂಡು, ಆಪರೇಷನ್ ಮಾಡಿಕೊಂಡು, ಒಬ್ಬ ಚೊಚ್ಚಲ ಗರ್ಭಿಣಿಯ ಪಕ್ಕ ಹದಿನಾಲ್ಕು ಗಂಟೆ ಕೂರಲು ಅವರಿಂದ ಆಗಲ್ಲ. ಕೂರುವವರು ಬೇಕು. ಆ ಕೂರುವವರೇ ಮಿಡ್‌ವೈಫ್.

ಲೆಕ್ಕ ಹಾಕಿ. ಮುಂದಿನ ವರ್ಷ ಸೇರಿದರೆ 36ಕ್ಕೆ ಜಿಎನ್‌ಎಂ, 38ಕ್ಕೆ ಎರಡು ವರ್ಷದ ಅನುಭವ, ಆಮೇಲೆ ಆ ತರಬೇತಿಗೆ ಸೀಟು ಸಿಕ್ಕರೆ ಸುಮಾರು 40. ಹೆದರಿಸಲು ಹೇಳುತ್ತಿಲ್ಲ. ನಮ್ಮ ಕೆಲಸದಲ್ಲಿ 40 ವಯಸ್ಸೇ ಅಲ್ಲ. ನೋವಿನಲ್ಲಿರುವವಳು ತಲೆ ಮೇಲೆ ನಾಲ್ಕು ಬಿಳಿಕೂದಲು ಇರುವವಳ ಮಾತನ್ನು ಬೇಗ ನಂಬುತ್ತಾಳೆ. ಆದರೆ ಮೂರು ವರ್ಷ ನಿಮ್ಮ ಸಂಬಳ ಇರುವುದಿಲ್ಲ. ಆಮೇಲೆ ಖಾಸಗಿ ಆಸ್ಪತ್ರೆಯಲ್ಲಿ ಸಿಗುವ ಮೊದಲ ಸಂಬಳ ಈಗಿನ ನಿಮ್ಮ ಸಂಬಳಕ್ಕಿಂತ ಕಡಿಮೆ ಇರಬಹುದು. ಲೆಕ್ಕಪತ್ರ ನಿಮ್ಮದೇ ಕಸುಬು, ಹಾಳೆ ತೆಗೆದುಕೊಂಡು ಕೂತರೆ ನನಗಿಂತ ಚೆನ್ನಾಗಿ ಗೊತ್ತಾಗುತ್ತದೆ. ರಾತ್ರಿ ಪಾಳಿಯ ದಿನ ಮಗಳ ಪಕ್ಕ ಯಾರು ಮಲಗುತ್ತಾರೆ ಅನ್ನುವುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಅದಕ್ಕೆ ಉತ್ತರ ಇಲ್ಲದೆ ಶುರು ಮಾಡಿದ ಇಬ್ಬರು ಎರಡನೇ ವರ್ಷಕ್ಕೆ ಬಿಟ್ಟುಹೋದರು. ಇಬ್ಬರೂ ಒಳ್ಳೆಯ ಕೈ ಇದ್ದವರು.

ಅತ್ತೆಯವರ ಮಾತಿಗೆ ಬರುತ್ತೇನೆ. 'ಮೈಲಿಗೆ ಕೆಲಸ' ಅನ್ನುವುದರಲ್ಲಿ ರಕ್ತದ ಅಸಹ್ಯ ಸ್ವಲ್ಪ, ಜಾತಿ ಜಾಸ್ತಿ. ಹೊಕ್ಕುಳ ಬಳ್ಳಿ ಕತ್ತರಿಸುವುದನ್ನು, ಮಾಸು ಹೂಳುವುದನ್ನು ಎಷ್ಟೋ ಊರುಗಳಲ್ಲಿ ಕೆಳಗಿನವರು ಅನ್ನಿಸಿಕೊಂಡವರ ಪಾಲಿಗೆ ಬಿಟ್ಟಿದ್ದರು. ಹೆರಿಗೆಯ ರಾತ್ರಿ ಅವರು ನಡುಮನೆಗೆ ಬರಬೇಕು, ಹನ್ನೊಂದನೇ ದಿನ ಪುರುಡು ಕಳೆದ ಮೇಲೆ ಅಂಗಳದಲ್ಲೇ ನಿಲ್ಲಬೇಕು. ಇದನ್ನು ವಾದ ಮಾಡಿ ಗೆಲ್ಲಲು ಹೋಗಬೇಡಿ. ನನ್ನ ಅತ್ತೆಯೂ ಹೀಗೇ ಇದ್ದರು. ಡ್ಯೂಟಿ ಮುಗಿಸಿ ಬಂದರೆ ಹಿತ್ತಲಲ್ಲೇ ಸ್ನಾನ ಮಾಡಿಸಿ ಒಳಗೆ ಬಿಡುತ್ತಿದ್ದರು. ಅವರ ತಂಗಿಯ ಮಗಳಿಗೆ ನಡುರಾತ್ರಿ ನೀರು ಒಡೆದಾಗ ನನ್ನನ್ನು ಎಬ್ಬಿಸಿದ್ದು ಅವರೇ. ಹಿತ್ತಲ ಸ್ನಾನ ಆಮೇಲೂ ನಿಲ್ಲಲಿಲ್ಲ. ಆದರೆ ನೀರು ಅವರೇ ಕಾಯಿಸಿಡುತ್ತಿದ್ದರು.

ಈಗ ಕೊನೆಯ ಪ್ರಶ್ನೆ.

ಹೆರಿಗೆ ಕೋಣೆಯ ಒಂದು ರಾತ್ರಿ ಹೇಳುತ್ತೇನೆ, ಹುಟ್ಟುವ ಕ್ಷಣ ಬಿಟ್ಟು. ಸಂಜೆ ಏಳಕ್ಕೆ ಒಳಗೆ ಬಂದವಳು. ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿದೆ. ನೀವು ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, ಗೋಡೆ ಗಡಿಯಾರ ನೋಡುತ್ತಾ, ಹತ್ತು ನಿಮಿಷದಲ್ಲಿ ಎಷ್ಟು ನೋವು, ಒಂದೊಂದು ಎಷ್ಟು ಸೆಕೆಂಡು ಅಂತ ಎಣಿಸುತ್ತೀರಿ. ಅರ್ಧ ಗಂಟೆಗೊಮ್ಮೆ ಮಗುವಿನ ಎದೆಬಡಿತ. 110ರಿಂದ 160ರ ಒಳಗಿದೆಯಾ? ಇದೆ. ಬರೆದಿಡಿ. ಹನ್ನೊಂದು ಗಂಟೆ. ಅವಳ ತಾಯಿ ಹೊರಗಿನಿಂದ 'ಯಾಕೆ ಇನ್ನೂ ಆಗಿಲ್ಲ, ಇಂಜೆಕ್ಷನ್ ಕೊಡಿ' ಅನ್ನುತ್ತಾಳೆ. ಅವಳು ವಾಂತಿ ಮಾಡಿಕೊಳ್ಳುತ್ತಾಳೆ, ನಿಮ್ಮ ಮೇಲೆ. ನಿಮ್ಮ ಕೈ ತಳ್ಳುತ್ತಾಳೆ. ರಾತ್ರಿ ಎರಡು ಗಂಟೆಗೆ ನಿಮಗೆ ಮಾಡಲು ಏನೂ ಇಲ್ಲ. ಏನಾದರೂ ಮಾಡಬೇಕು ಅಂತ ಕೈ ತುರಿಸುತ್ತದೆ. ಮತ್ತೊಂದು ಒಳಪರೀಕ್ಷೆ ಮಾಡೋಣವಾ, ಹೊಟ್ಟೆ ಸ್ವಲ್ಪ ಒತ್ತೋಣವಾ? ಬೇಡ. ಸುಮ್ಮನೆ ಕೂತು, ಆದರೆ ಒಂದು ಬಡಿತವೂ ತಪ್ಪದ ಹಾಗೆ ನೋಡುತ್ತಿರಬೇಕು. ನಾಲ್ಕು ಗಂಟೆಗೆ ಎದೆಬಡಿತ 100ಕ್ಕೆ ಇಳಿದು ಮೇಲೇಳದಿದ್ದರೆ, ಕೂತಲ್ಲಿಂದ ಎದ್ದು ಒಂದು ನಿಮಿಷವೂ ಹಾಳು ಮಾಡದೆ ಡಾಕ್ಟರನ್ನು ಎಬ್ಬಿಸಬೇಕು. ಬೈಸಿಕೊಂಡರೂ ಎಬ್ಬಿಸಬೇಕು.

ಮಗು ಹುಟ್ಟುವ ಕ್ಷಣಕ್ಕಾಗಿ ಬಂದವರು ಸೋಲುವುದು ಈ ರಾತ್ರಿ ಎರಡರ ಹೊತ್ತಿನಲ್ಲಿ. ಬೇಜಾರಾಗಿ ಮೊಬೈಲ್ ತೆಗೆಯುತ್ತಾರೆ, ಇಲ್ಲವೇ ಕಾಯಲಾರದೆ ಕೈ ಹಾಕುತ್ತಾರೆ. ನಿಮ್ಮ ಪತ್ರದ ಹದಿನಾಲ್ಕು ಗಂಟೆ ನನಗೆ ಮುಖ್ಯ ಅನ್ನಿಸಿದ್ದು ಇದಕ್ಕೇ. ಆದರೆ ಅದು ನಿಮ್ಮ ತಂಗಿ. ಹೆಸರು ಗೊತ್ತಿಲ್ಲದವಳ, ನಿಮ್ಮನ್ನು ಬೈಯುವವಳ ಪಕ್ಕ ಅಷ್ಟೇ ಹೊತ್ತು ಕೂರಲು ಆಗುತ್ತದಾ ಅನ್ನುವುದು ನನಗೂ ಗೊತ್ತಿಲ್ಲ, ನಿಮಗೂ ಇನ್ನೂ ಗೊತ್ತಿಲ್ಲ.

ಅಳದ ಮಕ್ಕಳೂ ಹುಟ್ಟುತ್ತವೆ. ನಾನು ಹೊಸಬಳಿದ್ದಾಗ ಅಂಥ ಒಂದು ಕೂಸನ್ನು ಟ್ರೇಯಲ್ಲಿಟ್ಟು ಬಟ್ಟೆ ಮುಚ್ಚಿದೆ. ತಾಯಿ ನೋಡದಿರಲಿ ಅಂತ. ನಮ್ಮ ಹಿರಿಯ ಸಿಸ್ಟರ್ ಬಂದು ಬಟ್ಟೆ ತೆಗೆದು, ಬಿಸಿನೀರಲ್ಲಿ ಒರೆಸಿ, ಟೋಪಿ ಹಾಕಿ, ಸುತ್ತಿ, 'ನೋಡ್ತೀಯೇನಮ್ಮ' ಅಂತ ಕೇಳಿದರು. ಅವಳು ಗೋಡೆ ಕಡೆಗಿದ್ದ ಮುಖ ತಿರುಗಿಸಿ ಕೈ ಚಾಚಿದಳು. ಬೆರಳು ಎಣಿಸಿದಳು. ಅದಕ್ಕೆ ಹತ್ತೂ ಬೆರಳು ಇದ್ದವು. ಈ ಕೆಲಸವೂ ಮಿಡ್‌ವೈಫ್‌ದೇ.

ನಿಮ್ಮನ್ನು ಬೈದವರ ಬಗ್ಗೆ. ಅದು ತಪ್ಪು, ಅದಕ್ಕೆ ಸಮಜಾಯಿಷಿ ಕೊಡಲ್ಲ. ನಾನೂ ಬೈದಿದ್ದೇನೆ. ಒಬ್ಬಳೇ ಇದ್ದ ಒಂದು ರಾತ್ರಿ, ಐದು ಜನ ನೋವಿನಲ್ಲಿದ್ದಾಗ, ಒಬ್ಬಳ ತೊಡೆಗೆ ಹೊಡೆದೂ ಇದ್ದೇನೆ. ಅವಳ ಮುಖ ನೆನಪಿದೆ, ಹೆಸರು ನೆನಪಿಲ್ಲ. ಆ ಗಾಯದಿಂದಲೇ ಈ ಕೆಲಸಕ್ಕೆ ಬರುವವರು ಜಾಸ್ತಿ, ಅದು ಒಳ್ಳೆಯ ಕಾರಣವೂ ಹೌದು. ಆದರೆ 'ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ' ಅಂತ ಬಂದವರು, ಮೂರನೇ ರಾತ್ರಿ ಪಾಳಿಯಲ್ಲಿ ತಮ್ಮ ಬಾಯಿಂದಲೇ ಅದೇ ಮಾತು ಬಂದಾಗ ಕುಸಿದುಹೋಗುತ್ತಾರೆ. ಒಂದು ದಿನ ನಿಮ್ಮ ಬಾಯಿಂದಲೂ ಬರುತ್ತದೆ. ಆವತ್ತು ಹೋಗಿ ಕ್ಷಮೆ ಕೇಳಿ, ಮರುದಿನ ಮತ್ತೆ ಡ್ಯೂಟಿಗೆ ಬನ್ನಿ.

ಸದ್ಯಕ್ಕೆ ಕೆಲಸ ಬಿಡಬೇಡಿ. ನಿಮ್ಮ ಯಜಮಾನರು ಕೊಟ್ಟ ಮೂರು ತಿಂಗಳ ಗಡುವು ಚೆನ್ನಾಗಿದೆ, ಅದನ್ನೇ ಇಟ್ಟುಕೊಳ್ಳಿ. ಆ ಡೌಲಾ ಕೋರ್ಸ್ ಮಾಡಬೇಕು ಅನ್ನಿಸಿದರೆ ಮಾಡಿ, ಪರೀಕ್ಷೆಗೆ ಅಂತ ಮಾಡಿ, ವೃತ್ತಿಗೆ ಅಂತ ಬೇಡ. ಸಂಬಂಧಿಕರಲ್ಲದವರ ಎರಡು ಮೂರು ಹೆರಿಗೆಗೆ ಆಸ್ಪತ್ರೆಯವರ ಒಪ್ಪಿಗೆ ಪಡೆದು ಜೊತೆಗಿರಿ. ಹಡೆದ ಮನೆಗಳಿಗೆ ಹೋಗಿ. ಎದೆಹಾಲು ಸರಿಯಾಗಿ ಬಾರದೆ ಅಳುತ್ತಿರುವ ಬಾಣಂತಿ ಪಕ್ಕ ಒಂದು ಮಧ್ಯಾಹ್ನ ಕಳೆಯಿರಿ. ಮನೆಯಲ್ಲೋ ನೆಂಟರಲ್ಲೋ ಹಾಸಿಗೆ ಹಿಡಿದವರಿದ್ದರೆ ಒಂದು ವಾರ ಅವರ ಮಲಮೂತ್ರ ತೆಗೆಯಿರಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಜಿಎನ್‌ಎಂ ಮೊದಲ ವರ್ಷ ಬಿಟ್ಟುಹೋಗುವವರಲ್ಲಿ ಹೆರಿಗೆ ನೋಡಿ ಹೆದರಿದವರು ಕಡಿಮೆ, ಬೆಡ್‌ಪ್ಯಾನ್‌ಗೆ ಸೋತವರು ಜಾಸ್ತಿ.

ಅಜ್ಜಿ ಇನ್ನೂ ಇದ್ದಾರಾ ಅಂತ ನೀವು ಬರೆದಿಲ್ಲ. ಇದ್ದರೆ ಮುಂದಿನ ಸಲ ಊರಿಗೆ ಹೋದಾಗ ಚೆನ್ನಾಗಿ ಆದ ಹೆರಿಗೆಗಳನ್ನು ಕೇಳಬೇಡಿ. ಯಾವಾಗ 'ನನ್ನ ಕೈಲಾಗಲ್ಲ' ಅಂದಿರಿ, ಹೇಗೆ ಗೊತ್ತಾಯಿತು ಅಂತ ಕೇಳಿ. ನೋಟ್‌ಬುಕ್ ಜೊತೆಗಿರಲಿ. ಅದಕ್ಕೂ ಮುಂಚೆ, ಇವತ್ತು ರಾತ್ರಿಯೇ, ಪಿಯುಸಿ ಅಂಕಪಟ್ಟಿ ಎಲ್ಲಿದೆ ನೋಡಿ. ಇಂಗ್ಲಿಷಿನಲ್ಲಿ ಎಷ್ಟು ಬಂದಿತ್ತು?